ಪದಚರ್ಚೆ: ವಲಸೆ, ಗುಳೆ, ಹೊರನಾಡು – ಪೋಲೆಂಡ್ ಬಿಟ್ಟವರಿಗೆ ಯಾವ ಪದ?

ಎಲ್ಲರಿಗೂ ನಮಸ್ಕಾರ.

ಶಿಕಾಗೋದ ಪೋಲಿಷ್ ಮ್ಯೂಸಿಯಂ ಆಫ್ ಅಮೆರಿಕ ನೋಡಿ ಬಂದೆ. 1937ರಲ್ಲಿ ತೆರೆದ ಹಳೆಯ ಮ್ಯೂಸಿಯಂ ಅದು. ಅದರ ಬಗ್ಗೆ ಕನ್ನಡದಲ್ಲೊಂದು ಲೇಖನ ಬರೆಯುತ್ತಿದ್ದೇನೆ. ಕೆಲವು ಪದಗಳಿಗೆ ನಿಮ್ಮ ಸಹಾಯ ಬೇಕು. ಅಲ್ಲಿ ನೆನಪಿಸಿಕೊಳ್ಳುವ ಎಲ್ಲರನ್ನೂ ಸುಮ್ನೆ ‘ವಲಸಿಗರು’ ಅಂದುಬಿಡಲು ನನಗೆ ಮನಸ್ಸಿಲ್ಲ.

ಮೊದಲು ಹಳ್ಳಿಗಳಿಂದ ಬಂದ ರೈತರು. 19ನೇ ಶತಮಾನದ ಕೊನೆಯ ಹೊತ್ತಿಗೆ ಶಿಕಾಗೋದ ಕಸಾಯಿಖಾನೆಗಳಲ್ಲಿ, ಉಕ್ಕಿನ ಕಾರ್ಖಾನೆಗಳಲ್ಲಿ ದುಡಿಯಲು ಇವರು ಬಂದರು. ಪೋಲಿಷ್ ಭಾಷೆಯಲ್ಲಿ ಇದಕ್ಕೆ ‘ಜಾ ಹ್ಲೆಬೆಮ್’ ಅನ್ನುತ್ತಾರೆ, ಅಂದರೆ ರೊಟ್ಟಿ ಹುಡುಕಿಕೊಂಡು ಹೋಗುವುದು. ನನಗೆ ತಕ್ಷಣ ನೆನಪಾದದ್ದು ನಮ್ಮ ‘ಗುಳೆ’. ಆದರೆ ರಾಯಚೂರು, ಕಲಬುರಗಿ ಕಡೆಯಿಂದ ಗುಳೆ ಹೋದವರು ಮಳೆಗಾಲಕ್ಕೆ ಊರು ಸೇರುತ್ತಾರೆ. ಪೋಲಿಷ್ ರೈತರಲ್ಲೂ ನಾಲ್ಕು ಕಾಸು ಕೂಡಿಟ್ಟು, ವಾಪಸ್ ಹೋಗಿ ಜಮೀನು ಕೊಳ್ಳೋಣ ಅಂತ ಬಂದವರು ತುಂಬಾ ಇದ್ದರು. ಎಷ್ಟೋ ಜನ ಹೋದರು ಕೂಡ. ಅಲ್ಲೇ ನೆಲೆ ನಿಂತವರಿಗೆ ಗುಳೆ ಅನ್ನಬಹುದೇ? ‘ಹೊಟ್ಟೆಪಾಡಿಗೆ ಬಂದವರು’ ಅನ್ನುವುದೇ ಜಾಸ್ತಿ ಸರಿ ಅನಿಸುತ್ತದೆ.

ಎರಡನೆಯ ತೊಡಕು ಇನ್ನೂ ದೊಡ್ಡದು. ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಸೇರಿ ಪೋಲೆಂಡನ್ನು ಹಂಚಿಕೊಂಡು, 1795ರ ಹೊತ್ತಿಗೆ ಅದನ್ನು ನಕ್ಷೆಯಿಂದಲೇ ಅಳಿಸಿದ್ದವು. ಅದು ಮತ್ತೆ ಸ್ವತಂತ್ರವಾದದ್ದು 1918ರಲ್ಲಿ. 1830ರ ದಂಗೆ ಸೋತಮೇಲೆ ಸಾವಿರಾರು ಹೋರಾಟಗಾರರು ಊರು ಬಿಟ್ಟರು, ಬಹಳಷ್ಟು ಮಂದಿ ಪ್ಯಾರಿಸ್ ಸೇರಿದರು. ಇವರಿಗೆ ಏನನ್ನೋಣ? ‘ಗಡೀಪಾರು’ ಅಂದರೆ ಸರ್ಕಾರವೇ ಹುಕುಂ ಹೊರಡಿಸಿ ಅಟ್ಟಿದಂತೆ. ‘ದೇಶಭ್ರಷ್ಟ’ ನಿಘಂಟಿನಲ್ಲಿದೆ, ಆದರೆ ಇವತ್ತು ‘ಭ್ರಷ್ಟ’ ಅಂದಕೂಡಲೇ ಲಂಚ ನೆನಪಾಗುತ್ತದೆ, ಅಲ್ವಾ? ದೇಶಕ್ಕಾಗಿ ಎಲ್ಲವನ್ನೂ ಕಳೆದುಕೊಂಡವರಿಗೆ ಆ ಪದ ಅಂಟಿಸಲು ನನಗೆ ಕೈ ಬರುವುದಿಲ್ಲ.

ಈ ಮ್ಯೂಸಿಯಂನಲ್ಲಿ ಪಾದೆರೆವ್ಸ್ಕಿ ಅವರದ್ದೇ ಒಂದು ಕೋಣೆಯಿದೆ. ಅವರು ಹೆಸರಾಂತ ಪಿಯಾನೋ ವಾದಕರು, 1919ರಲ್ಲಿ ಪೋಲೆಂಡಿನ ಪ್ರಧಾನಿ. ಯುದ್ಧದ ಕಾಲದಲ್ಲಿ ಅಮೆರಿಕಕ್ಕೆ ಬಂದು 1941ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಅವರಿಗೆ ‘ವಲಸಿಗ’ ಹೊಂದುವುದಿಲ್ಲ, ‘ನಿರಾಶ್ರಿತ’ ಅಂತೂ ಇಲ್ಲವೇ ಇಲ್ಲ.

ಕೊನೆಯದು ‘ಪೊಲೋನಿಯಾ’. ಲ್ಯಾಟಿನ್‌ನಲ್ಲಿ ಇದು ಪೋಲೆಂಡಿನ ಹೆಸರೇ. ಆದರೆ ಪೋಲಿಷ್ ಜನ ಈಗ ಹೊರದೇಶಗಳಲ್ಲಿ ನೆಲೆಸಿದ ತಮ್ಮವರನ್ನೆಲ್ಲ ಸೇರಿಸಿ ಹೀಗೆ ಕರೆಯುತ್ತಾರೆ. ‘ಅನಿವಾಸಿ’ ಕಾನೂನಿನ ಕಡತದಿಂದ ಬಂದ ಪದ, ಅದರಲ್ಲಿ ಬಳಗದ ಭಾವ ಇಲ್ಲ. ‘ಹೊರನಾಡ ಕನ್ನಡಿಗರು’ ಅನ್ನುವ ಹಾಗೆ ‘ಹೊರನಾಡ ಪೋಲಿಷರು’ ಅಂದರೆ ಓದುವವರಿಗೆ ಸಲೀಸಾಗಿ ಹತ್ತುತ್ತದೆಯೇ? ಅಥವಾ ‘ಪೊಲೋನಿಯಾ’ ಅಂತಲೇ ಉಳಿಸಿಕೊಂಡು, ಮೊದಲ ಸಲ ಬಂದಾಗ ವಿವರಿಸಿದರೆ ಸಾಕೇ?

ನಿಮ್ಮ ಕಡೆಯ ಮಾತಿನಲ್ಲಿ ಇವಕ್ಕೆ ಬೇರೆ ಪದಗಳಿದ್ದರೆ, ಬಳಸುವ ಒಂದು ವಾಕ್ಯದ ಸಮೇತ ದಯವಿಟ್ಟು ಬರೆಯಿರಿ.