4ಕೆ ವಿಡಿಯೊ ನಿಂತು ನಿಂತು ಓಡುತ್ತಿದೆ, ರ‍್ಯಾಮ್ ಹಾಕಿಸಬೇಕಾ?

ಪ್ರಶ್ನೆ:
ನಮಸ್ಕಾರ. ನನ್ನದು 6ನೇ ತಲೆಮಾರಿನ ಇಂಟೆಲ್ ಐ5 ಲ್ಯಾಪ್‌ಟಾಪ್, ವಿಂಡೋಸ್ 10, 8 ಜಿಬಿ ರ‍್ಯಾಮ್. 1080ಪಿ ವಿಡಿಯೊಗಳಿಗೆ ಏನೂ ತೊಂದರೆ ಇಲ್ಲ. ಹೊಸ ಕ್ಯಾಮೆರಾದಲ್ಲಿ ತೆಗೆದ 4ಕೆ ಫೈಲ್ ಹಾಕಿದರೆ ಮಾತ್ರ ಸೌಂಡ್ ಮುಂದೆ ಹೋಗುತ್ತದೆ, ಚಿತ್ರ ಹಿಂದೆ ಉಳಿಯುತ್ತದೆ. ಫ್ಯಾನ್ ಜೋರಾಗಿ ಕೂಗುತ್ತದೆ. ಎರಡು ಪ್ಲೇಯರ್ ಬದಲಿಸಿ ನೋಡಿದೆ, ಡ್ರೈವರ್ ಕೂಡ ಅಪ್‌ಡೇಟ್ ಮಾಡಿದೆ. ರ‍್ಯಾಮ್ ಜಾಸ್ತಿ ಮಾಡಿದರೆ ಸರಿ ಹೋಗುತ್ತಾ?

ಉತ್ತರ:
ಸುಮ್ನೆ ರ‍್ಯಾಮ್‌ಗೆ ದುಡ್ಡು ಹಾಕಬೇಡಿ, ಮೊದಲು ಅಳೆದು ನೋಡೋಣ. ಎಂಪಿವಿ ಪ್ಲೇಯರ್‌ನಲ್ಲಿ ಆ ಫೈಲ್ ತೆರೆದು ಶಿಫ್ಟ್ ಜೊತೆ ಐ ಒತ್ತಿ. ಕೋಡೆಕ್ (ವಿಡಿಯೊವನ್ನು ಕುಗ್ಗಿಸಿಟ್ಟ ವಿಧಾನ), ಪಿಕ್ಸೆಲ್ ಫಾರ್ಮ್ಯಾಟ್ (ಬಣ್ಣವನ್ನು ಎಷ್ಟು ಬಿಟ್‌ನಲ್ಲಿ ಬರೆದಿದೆ ಇತ್ಯಾದಿ), ಎಷ್ಟು ಫ್ರೇಮ್ ಡ್ರಾಪ್ ಆಯಿತು (ತೋರಿಸದೆ ಬಿಟ್ಟುಹೋದ ಚಿತ್ರಗಳು) ಎಲ್ಲ ಪರದೆ ಮೇಲೆ ಬರುತ್ತದೆ. ಕಂಟ್ರೋಲ್ ಜೊತೆ ಎಚ್ ಒತ್ತಿದರೆ ಹಾರ್ಡ್‌ವೇರ್ ಡಿಕೋಡಿಂಗ್ ಆನ್ ಆಗಬೇಕು, ಅಂದರೆ ಕುಗ್ಗಿಸಿದ ವಿಡಿಯೊವನ್ನು ಸಿಪಿಯು ಬದಲು ಚಿಪ್‌ನ ವಿಡಿಯೊ ಭಾಗವೇ ಬಿಚ್ಚಬೇಕು. ಆಮೇಲೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಜಿಪಿಯು ಪುಟದ 'ವಿಡಿಯೊ ಡಿಕೋಡ್' ಗ್ರಾಫ್ ನೋಡಿ. ಕೊನೆಗೆ ವಿಂಡೋ ಚಿಕ್ಕದು ಮಾಡಿ. ಆಗ ಡ್ರಾಪ್ ನಿಂತರೆ ತೊಂದರೆ ಡಿಕೋಡಿಂಗ್‌ನದ್ದಲ್ಲ, ಚಿತ್ರವನ್ನು ಪರದೆಗೆ ಹೊಂದಿಸಿ ಬಿಡಿಸುವ ಕೆಲಸದ್ದು.

ಪ್ರಶ್ನೆ ಕೇಳಿದವರು:
ಕೋಡೆಕ್ ಎಚ್‌ಇವಿಸಿ, 10 ಬಿಟ್, ಸೆಕೆಂಡಿಗೆ 60 ಫ್ರೇಮ್. ಡಿಕೋಡ್ ಗ್ರಾಫ್ ಸೊನ್ನೆಯಿಂದ ಮೇಲೆ ಏಳುವುದೇ ಇಲ್ಲ, ಸಿಪಿಯು 100ಕ್ಕೆ ಅಂಟಿಕೊಂಡಿದೆ. ವಿಂಡೋ ಚಿಕ್ಕದು ಮಾಡಿದರೂ ಅದೇ ಕಥೆ.

ಉತ್ತರ:
ಹಾಗಾದರೆ ಸಿಕ್ಕಿತು. ಕಾರಣ ಆ 10 ಬಿಟ್. ನಿಮ್ಮ ಚಿಪ್‌ನ ವಿಡಿಯೊ ಭಾಗ 8 ಬಿಟ್ ಎಚ್‌ಇವಿಸಿಯನ್ನು ಆರಾಮಾಗಿ ಬಿಚ್ಚುತ್ತದೆ. 10 ಬಿಟ್ ಪೂರ್ತಿಯಾಗಿ ಹಾರ್ಡ್‌ವೇರ್‌ಗೆ ಬಂದಿದ್ದು 7ನೇ ತಲೆಮಾರಿನಿಂದ. ಹಾಗಾಗಿ ನಿಮ್ಮಲ್ಲಿ ಪೂರ್ತಿ ಹೊರೆ ಸಿಪಿಯು ಮೇಲೆ. ಒಂದು ಫ್ರೇಮ್‌ಗೆ ಸುಮಾರು 83 ಲಕ್ಷ ಪಿಕ್ಸೆಲ್, ಸಿಗುವ ಸಮಯ 16.7 ಮಿಲಿಸೆಕೆಂಡ್. ಇದಕ್ಕೆ ರ‍್ಯಾಮ್ ಏನೂ ಮಾಡಲಾರದು.

ನೋಡಲು ಮಾತ್ರ ಅಂದರೆ ವಿಡಿಯೊ ಪರಿವರ್ತಿಸುವ ಹ್ಯಾಂಡ್‌ಬ್ರೇಕ್ ತಂತ್ರಾಂಶದಲ್ಲಿ 1080ಪಿ, 8 ಬಿಟ್ ಎಚ್.264 (ಇನ್ನೊಂದು ಹಳೆಯ ಕೋಡೆಕ್) ಪ್ರತಿ ಮಾಡಿಕೊಳ್ಳಿ. ಮೂಲ ಫೈಲ್ ದಯವಿಟ್ಟು ಅಳಿಸಬೇಡಿ, ಮುಂದೆ ಬಣ್ಣ ತಿದ್ದುವಾಗ ಆ 10 ಬಿಟ್ ಬೇಕೇ ಬೇಕು.

ಪ್ರಶ್ನೆ ಕೇಳಿದವರು:
ಮಾಡಿದೆ, ಬೆಣ್ಣೆಯ ಹಾಗೆ ಓಡುತ್ತಿದೆ! ಆದರೆ 24 ಫ್ರೇಮ್‌ನಲ್ಲಿ ತೆಗೆದ ಇನ್ನೊಂದು ವಿಡಿಯೊ ಇದೆ. ಅದರಲ್ಲಿ ಕ್ಯಾಮೆರಾ ನಿಧಾನವಾಗಿ ತಿರುಗುವಾಗ ಸೇತುವೆಯ ಕಂಬಿಗಳು ಕುಲುಕುತ್ತವೆ. ಡ್ರಾಪ್ ಮಾತ್ರ ಸೊನ್ನೆ.

ಉತ್ತರ:
ಅದು ಬೇರೆಯೇ ವಿಷಯ. ನಿಮ್ಮ ಪರದೆ 60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಸಲ ಚಿತ್ರ ಬರೆಯುವಂಥದ್ದು ಅಲ್ವಾ? 60ನ್ನು 24ರಿಂದ ಭಾಗಿಸಿದರೆ ಎರಡೂವರೆ. ಹಾಗಾಗಿ ಒಂದು ಫ್ರೇಮ್ ಮೂರು ಸಲ ಬಂದು 50 ಮಿಲಿಸೆಕೆಂಡ್ ನಿಲ್ಲುತ್ತದೆ, ಮುಂದಿನದು ಎರಡೇ ಸಲ ಬಂದು 33. ಫ್ರೇಮ್ ಒಂದೂ ಬಿದ್ದಿಲ್ಲ, ನಡಿಗೆ ಮಾತ್ರ ಕುಂಟುತ್ತಿದೆ. ಅಡ್ವಾನ್ಸ್‌ಡ್ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ 48 ಹರ್ಟ್ಸ್ ಇದೆಯಾ ನೋಡಿ. ಇದ್ದರೆ ಪ್ರತಿ ಫ್ರೇಮ್‌ಗೂ ಸರಿಯಾಗಿ ಎರಡೆರಡು ಸಲ ಸಿಗುತ್ತದೆ.

ಪ್ರಶ್ನೆ ಕೇಳಿದವರು:
ಇತ್ತು, ಹಾಕಿದೆ. ಕಂಬಿಗಳು ಒಂದೇ ಸಮನೆ ಜಾರಿಕೊಂಡು ಹೋಗುತ್ತಿವೆ. ತುಂಬಾ ಥ್ಯಾಂಕ್ಸ್.