ಡೇಟಾ ಲಾಗರ್‌ಗೆ ಸೀರಿಯಲ್ ಕಮಾಂಡ್ ಕಳಿಸಿದರೆ ಉತ್ತರ ಬರುತ್ತಿಲ್ಲ, ಅನುಭವವಿದ್ದವರು ತಿಳಿಸಿ

ಮೂಡಿಗೆರೆಯಿಂದ ಪ್ರಶ್ನೆ:
ನಮ್ಮ ಕಾಫಿ ತೋಟದಲ್ಲಿ ಮಳೆ ಮತ್ತು ಮಣ್ಣಿನ ತೇವವನ್ನು ದಾಖಲಿಸುವ ಹಳೆಯ ಡೇಟಾ ಲಾಗರ್ ಒಂದಿದೆ. ಅದಕ್ಕಿರುವುದು ಒಂಬತ್ತು ಪಿನ್ನಿನ ಆರ್‌ಎಸ್‌-232 ಸೀರಿಯಲ್ ಪೋರ್ಟ್ ಮಾತ್ರ. ಹಳೆಯ ಕಂಪ್ಯೂಟರ್ ಕೆಟ್ಟುಹೋದ ಮೇಲೆ ಯುಎಸ್‌ಬಿ ಪರಿವರ್ತಕ ಹಾಕಿ, ಲ್ಯಾಪ್‌ಟಾಪಿನಿಂದ 9600 ಬಾಡ್ ವೇಗದಲ್ಲಿ ಕಮಾಂಡ್ ಕಳಿಸುತ್ತಿದ್ದೇನೆ. ಒಂದಕ್ಷರವೂ ಹಿಂದಿರುಗುತ್ತಿಲ್ಲ. ಮೂರು ತಿಂಗಳ ಮಳೆಯ ಲೆಕ್ಕ ಅದರೊಳಗೇ ಉಳಿದಿದೆ.

ಹಾಸನದಿಂದ, ಶೀತಲಗೃಹದ ಉಸ್ತುವಾರಿ:
ನಮ್ಮದು ಆಲೂಗಡ್ಡೆಯ ಶೀತಲಗೃಹ. ಎಂಟು ಕೋಣೆಗಳ ಎಂಟು ತಾಪಮಾನ ಲಾಗರ್‌ಗಳು ಒಂದೇ ಆರ್‌ಎಸ್‌-485 ಜೋಡಿ ತಂತಿಯ ಮೇಲೆ ಮಾಡ್‌ಬಸ್ ಎಂಬ ಸಂವಹನ ಪದ್ಧತಿಯಲ್ಲಿ ಮಾತಾಡುತ್ತವೆ. 350 ರೂಪಾಯಿಯ ಪರಿವರ್ತಕ ತಂದು ನಾನು ಕಳೆದುಕೊಂಡದ್ದು ಹತ್ತೊಂಬತ್ತು ದಿನ. ಮೊದಲ ವಾರ ಎ ಮತ್ತು ಬಿ ತಂತಿಗಳು ಅದಲುಬದಲಾಗಿದ್ದವು. ಅದು ಸರಿಯಾದ ಮೇಲೆ, ಕೈಪಿಡಿಯಲ್ಲಿ 40001 ಎಂದಿದ್ದ ರಿಜಿಸ್ಟರನ್ನು (ಅಳತೆ ಇರುವ ಮೆಮೊರಿ ಸ್ಥಾನವನ್ನು) ಕಮಾಂಡಿನೊಳಗೆ 0 ಎಂದು ಬರೆಯಬೇಕೆಂಬುದು ತಿಳಿಯದೆ ನಾಲ್ಕು ದಿನ ಹೋಯಿತು. ಕೊನೆಗೆ ಉತ್ತರ ಬರತೊಡಗಿತು, ಆದರೆ ಕಂಪ್ರೆಸರ್ ಚಾಲೂ ಆದಾಗಲೆಲ್ಲ ಒಂದೆರಡು ಬೈಟ್ ಕೆಟ್ಟು ಸಿಆರ್‌ಸಿ (ತಪ್ಪು ಹಿಡಿಯುವ ಸಂಖ್ಯೆ) ತಾಳೆಯಾಗುತ್ತಿರಲಿಲ್ಲ. ತಂತ್ರಜ್ಞರನ್ನು ಎರಡು ಬಾರಿ ಕರೆಸಿದ್ದಕ್ಕೆ ತಲಾ 4,500 ರೂಪಾಯಿ ಕೊಟ್ಟೆ. ಅವರು ತಂತಿಯ ಎರಡೂ ತುದಿಗೆ 120 ಓಮ್ ರೆಸಿಸ್ಟರ್ ಹಾಕಿ ಹೋದರು, ಬೈಟ್ ಕೆಡುವುದು ನಿಲ್ಲಲಿಲ್ಲ. 2,900 ರೂಪಾಯಿ ಕೊಟ್ಟು ಐಸೋಲೇಷನ್ (ಎರಡೂ ಕಡೆಯ ವಿದ್ಯುತ್ತನ್ನು ಬೇರ್ಪಡಿಸುವ ವ್ಯವಸ್ಥೆ) ಇರುವ ಪರಿವರ್ತಕ ತಂದ ದಿನವೇ ಎಲ್ಲವೂ ಸರಿಹೋಯಿತು. ಅಗ್ಗದ ಪರಿವರ್ತಕವನ್ನು ಮೊದಲು ತೆಗೆದುಹಾಕಿ.

ಮಂಡ್ಯದಿಂದ, ನಿವೃತ್ತ ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್:
ಸಕ್ಕರೆ ಕಾರ್ಖಾನೆಯಲ್ಲಿ ಇಪ್ಪತ್ತೇಳು ವರ್ಷ ಬಾಯ್ಲರಿನ ರೆಕಾರ್ಡರ್‌ಗಳನ್ನು ನೋಡಿಕೊಂಡವನು ನಾನು. ಹಾಸನದವರೇ, ಕಂಪ್ರೆಸರಿನ ಗದ್ದಲವಿರುವ ನಿಮ್ಮ 485 ತಂತಿಗೂ ತೋಟದ ಮಧ್ಯೆ ನಿಂತಿರುವ 232 ಪೋರ್ಟಿಗೂ ಸಂಬಂಧವಿಲ್ಲ. ಪರೀಕ್ಷಿಸದೆ ಪರಿವರ್ತಕವನ್ನು ದೂರುವುದು ತಪ್ಪು. ಪರಿವರ್ತಕದ 2 (ಕೇಳುವ) ಮತ್ತು 3ನೇ (ಕಳಿಸುವ) ಪಿನ್ನುಗಳನ್ನು ಒಂದು ತುಂಡು ತಂತಿಯಿಂದ ಕೂಡಿಸಿ; ನೀವು ಒತ್ತಿದ ಅಕ್ಷರ ಪರದೆಗೆ ಹಿಂದಿರುಗಿದರೆ ಪರಿವರ್ತಕ ಸತ್ತಿಲ್ಲ. ಆಮೇಲೆ ಮಲ್ಟಿಮೀಟರಿನ ಕಪ್ಪು ಮೊನೆಯನ್ನು 5ನೇ ಪಿನ್ನಿಗೆ ಇಟ್ಟು, ಕೆಂಪು ಮೊನೆಯಿಂದ ಎರಡೂ ಕಡೆಯ 2 ಮತ್ತು 3ನ್ನು ಮುಟ್ಟಿ ನೋಡಿ. ಸುಮ್ಮನಿರುವಾಗ ಕಳಿಸುವ ಪಿನ್ನಿನಲ್ಲಿ ಮೈನಸ್ ಐದಾರು ವೋಲ್ಟಾದರೂ ಕಾಣುತ್ತದೆ. ಲ್ಯಾಪ್‌ಟಾಪಿನ ಕಡೆಯೂ ಲಾಗರಿನ ಕಡೆಯೂ ಒಂದೇ ಸಂಖ್ಯೆಯ ಪಿನ್ನು ಮೈನಸ್ ತೋರಿಸಿದರೆ ಇಬ್ಬರೂ ಒಂದೇ ತಂತಿಯಲ್ಲಿ ಮಾತಾಡುತ್ತಿದ್ದಾರೆ, ಕೇಳಿಸಿಕೊಳ್ಳುವವರು ಯಾರೂ ಇಲ್ಲ ಎಂದರ್ಥ; ಆಗ ಕ್ರಾಸ್ ಕೇಬಲ್ (2 ಮತ್ತು 3ನೇ ತಂತಿ ಅದಲುಬದಲಾಗಿರುವುದು) ಬೇಕು. ಈ ಮೀಟರನ್ನು ಹಿಡಿಯಲು ಬಾರದ ಎಂಜಿನಿಯರೊಬ್ಬರು ನಮ್ಮಲ್ಲಿ ಒಳ್ಳೆಯ ಸ್ಥಿತಿಯಲ್ಲಿದ್ದ ರೆಕಾರ್ಡರನ್ನು ಕೆಟ್ಟಿದೆಯೆಂದು ಬರೆದು 68,000 ರೂಪಾಯಿಯ ಹೊಸದನ್ನು ತರಿಸಿದರು. ನನಗೆ ಇಂದಿಗೂ ಆ ನೋವು ಹೋಗಿಲ್ಲ.

ಧಾರವಾಡದಿಂದ, ಸಂಶೋಧನಾ ವಿದ್ಯಾರ್ಥಿನಿ:
ಮಣ್ಣಿನ ತೇವದ ಸೆನ್ಸರ್ ಎಂದಿದ್ದರಿಂದ ಬರೆಯುತ್ತಿದ್ದೇನೆ. ನನ್ನ ಸೆನ್ಸರ್‌ಗಳು ಎಸ್‌ಡಿಐ-12 (ಸೆನ್ಸರ್ ಮತ್ತು ಲಾಗರ್ ಮಾತಾಡುವ ಪದ್ಧತಿ) ಬಗೆಯವು: 1200 ಬಾಡ್, 7 ಬಿಟ್, ಈವನ್ ಪ್ಯಾರಿಟಿ (ತಪ್ಪು ಪತ್ತೆಗೆ ಸೇರಿಸುವ ಬಿಟ್). ಮೊದಲು ಕನಿಷ್ಠ 12 ಮಿಲಿಸೆಕೆಂಡಿನ ಬ್ರೇಕ್ (ಸೆನ್ಸರನ್ನು ಎಬ್ಬಿಸುವ ಸಂಕೇತ) ಕೊಟ್ಟು, ನಂತರ "0M!" ಎಂದು ಕಳಿಸಿದರೆ "00053" ಎಂಬ ಉತ್ತರ ಬರುತ್ತದೆ, ವಿಳಾಸ 0, ಐದು ಸೆಕೆಂಡಿನೊಳಗೆ ಅಳತೆ ಸಿದ್ಧ, ಒಟ್ಟು ಮೂರು ಮೌಲ್ಯಗಳು ಎಂದು ಅದನ್ನು ಓದಬೇಕು. ನಾನು ಆ ಐದು ಸೆಕೆಂಡು ಕಾಯದೆ ಮತ್ತೆ ಬ್ರೇಕ್ ಕೊಡುತ್ತಿದ್ದೆ, ನಡೆಯುತ್ತಿದ್ದ ಅಳತೆ ಅಲ್ಲಿಗೇ ರದ್ದಾಗುತ್ತಿತ್ತು. ಸೆನ್ಸರ್ ಕೆಟ್ಟಿದೆಯೆಂದು ತಿಳಿದು ಫೆಲೋಶಿಪ್ ಹಣದಲ್ಲಿ 11,200 ರೂಪಾಯಿ ಕೊಟ್ಟು ಇನ್ನೊಂದನ್ನು ಕೊಂಡೆ, ಅದೂ ಹಾಗೆಯೇ ನಡೆದುಕೊಂಡಿತು. ಅದಕ್ಕಿಂತ ದೊಡ್ಡ ನಷ್ಟ ಬೇರೆಯದು. ಬೇರೊಂದು ಮಾದರಿಯ ಕೈಪಿಡಿ ನೋಡಿ ಒಂದಕ್ಷರದ ಕಮಾಂಡ್ ಕಳಿಸಿದೆ. ನನ್ನ ಲಾಗರಿನಲ್ಲಿ ಅದರ ಅರ್ಥ ಮೆಮೊರಿ ಅಳಿಸು ಎಂದಿತ್ತು. ನಲವತ್ತೊಂದು ದಿನದ ಮಾಪನ ಒಂದು ಗಳಿಗೆಯಲ್ಲಿ ಹೋಯಿತು. ನಿಮ್ಮ ಲಾಗರಿನ ಕೈಪಿಡಿಯಲ್ಲಿ ಕಾಣದ ಕಮಾಂಡುಗಳನ್ನು ಊಹಿಸಿ ಒತ್ತಬೇಡಿ.

ಮಂಡ್ಯದಿಂದ:
ಮೇಡಂ, ಎಸ್‌ಡಿಐ-12 ಇರುವುದು ಲಾಗರಿಗೂ ಸೆನ್ಸರಿಗೂ ನಡುವೆ. ಅವರು ಕೇಳಿದ್ದು ಲ್ಯಾಪ್‌ಟಾಪಿಗೂ ಲಾಗರಿಗೂ ನಡುವಿನ ಮಾತು. ಎರಡನ್ನೂ ಬೆರೆಸಿದರೆ ಅವರು 7 ಬಿಟ್ ಇಟ್ಟುಕೊಂಡು ಇನ್ನೊಂದು ವಾರ ಒದ್ದಾಡುತ್ತಾರೆ.

ಧಾರವಾಡದಿಂದ:
ವ್ಯತ್ಯಾಸ ನನಗೆ ಗೊತ್ತಿದೆ, ಸರ್. ಆದರೆ ಸೆನ್ಸರಿಗೆ ನೇರವಾಗಿ ಮಾತಾಡಲು ಬಿಡುವ ಲಾಗರ್‌ಗಳೂ ಇವೆ. ನಲವತ್ತೊಂದು ದಿನದ ದತ್ತಾಂಶ ಕಳೆದುಕೊಂಡ ಮೇಲೆಯೇ ನಾನು ಇದನ್ನು ಕಲಿತದ್ದು, ಯಾರೂ ಹೇಳಿಕೊಟ್ಟಿದ್ದಲ್ಲ.

ಹಾಸನದಿಂದ:
ಮಂಡ್ಯದವರು ಎಲ್ಲರ ಅನುಭವವನ್ನೂ ಅಲ್ಲಗಳೆಯುತ್ತಿದ್ದಾರೆ. 12,250 ರೂಪಾಯಿ ನನ್ನ ಕೈಯಿಂದ ಹೋಗಿದೆ. ಅಕ್ಷರ ಹಿಂದಿರುಗಿ ಬಂದ ಮಾತ್ರಕ್ಕೆ ಪರಿವರ್ತಕ ಚೆನ್ನಾಗಿದೆ ಎನ್ನಲಾಗದು. ನನ್ನ ಅಗ್ಗದ ಪರಿವರ್ತಕವೂ ಮೇಜಿನ ಮೇಲಿದ್ದಾಗ ಒಂದು ಬೈಟನ್ನೂ ಕೆಡಿಸಿರಲಿಲ್ಲ.

ಮಂಡ್ಯದಿಂದ:
ಅದನ್ನು ಒಪ್ಪುತ್ತೇನೆ. ಆದರೆ ಅವರಿಗೆ ಬರುತ್ತಿರುವುದು ಕೆಟ್ಟ ಬೈಟ್ ಅಲ್ಲ, ಏನೂ ಬರುತ್ತಿಲ್ಲ. ಅದು ತಂತಿಯ ರೋಗ, ಇಲ್ಲವೇ ನಿದ್ದೆಯದು. ಬ್ಯಾಟರಿಯ ಮೇಲೆ ನಡೆಯುವ ಲಾಗರ್ ಮಲಗಿರುತ್ತದೆ. ಮೊದಲ ಅಕ್ಷರಗಳು ಅದನ್ನು ಎಬ್ಬಿಸುವುದರಲ್ಲೇ ಕಳೆದುಹೋಗುತ್ತವೆ. ಬರಿಯ ಎಂಟರ್ ಕೀಲಿಯನ್ನು ಅರ್ಧ ಸೆಕೆಂಡಿಗೊಮ್ಮೆ ನಾಲ್ಕೈದು ಬಾರಿ ಒತ್ತಿ, ಆಮೇಲೆ ಕಮಾಂಡ್ ಕಳಿಸಬೇಕು. ಟರ್ಮಿನಲ್ ತಂತ್ರಾಂಶ ಸಾಲಿನ ಕೊನೆಗೆ ಸಿಆರ್ (ಸಾಲಿನ ಆರಂಭಕ್ಕೆ ಮರಳುವ ಸಂಕೇತ) ಕಳಿಸುತ್ತಿದೆಯೋ, ಎಲ್‌ಎಫ್ (ಹೊಸ ಸಾಲಿನ ಸಂಕೇತ) ಮಾತ್ರವೋ ಅದನ್ನೂ ನೋಡಿಕೊಳ್ಳಿ.

ಮೂಡಿಗೆರೆಯಿಂದ:
ಎಲ್ಲರಿಗೂ ಧನ್ಯವಾದಗಳು. ಪಿನ್ನು ಕೂಡಿಸಿ ನೋಡಿದೆ, ಅಕ್ಷರ ಹಿಂದಿರುಗಿತು. ಮೀಟರಿನಲ್ಲಿ ಎರಡೂ ಕಡೆ 3ನೇ ಪಿನ್ನೇ ಮೈನಸ್ ತೋರಿಸಿತು. ಪಟ್ಟಣದಲ್ಲಿ ಕ್ರಾಸ್ ಕೇಬಲ್ ಸಿಗಲಿಲ್ಲ, ಹಳೆಯ ಕೇಬಲನ್ನೇ ಕತ್ತರಿಸಿ 2 ಮತ್ತು 3ನ್ನು ಅದಲುಬದಲು ಮಾಡಿ ಬೆಸುಗೆ ಹಾಕಿಸಲು ಕೊಟ್ಟಿದ್ದೇನೆ. ಮೆಮೊರಿ ಅಳಿಸುವ ಕಮಾಂಡ್ ಯಾವುದೆಂದು ಕೈಪಿಡಿಯಲ್ಲಿ ಹುಡುಕಿ, ಆ ಸಾಲಿಗೆ ಕೆಂಪು ಗೆರೆ ಎಳೆದಿಟ್ಟಿದ್ದೇನೆ.