ಮಾವನ ರಿವಾಲ್ವರ್ ದಿಂಬಿನ ಕೆಳಗೆ, ಬೇಸಿಗೆ ರಜೆಗೆ ಮಕ್ಕಳು ಬರ್ತಿದಾರೆ. ಮನೇಲಿ ಇಡೋದಕ್ಕೆ ಕಾನೂನು ಏನಿದೆ?

ತುಂಗೆ ದಡದವಳು (ತೀರ್ಥಹಳ್ಳಿ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿಯಿಂದ ಕೊಪ್ಪದ ಕಡೆ ಹೋಗೋ ದಾರೀಲಿ ಒಳಗಡೆ ಇರೋ ಒಂಟಿಮನೆ. ಪಕ್ಕದ ಮನೆ ಅಂದ್ರೆ ಗುಡ್ಡ ಹತ್ತಿ ಇಳಿದ ಮೇಲೆ ಸಿಗೋದು. ಮಾವನ ಹತ್ರ ಎರಡು ಇದಾವೆ, ಎರಡಕ್ಕೂ ಲೈಸೆನ್ಸ್ ಸರಿಯಾಗಿದೆ. ಒಂದು ಅವರಪ್ಪನ ಕಾಲದ ಜೋಡಿನಳಿಗೆ ತೋಟೆಕೋವಿ. ಅದು ಜಗಲಿ ಗೋಡೆ ಮೇಲೆ, ಹಳೇ ಫೋಟೊಗಳ ಸಾಲಲ್ಲೇ ಇದೆ. ಇನ್ನೊಂದು .32 ರಿವಾಲ್ವರ್. ಅಡಿಕೆ ಮಂಡಿಯಿಂದ ದುಡ್ಡನ್ನ ಚೀಲದಲ್ಲಿ ಹಾಕ್ಕೊಂಡು ಬರ್ತಿದ್ದ ಕಾಲದಲ್ಲಿ ತಗೊಂಡಿದ್ದಂತೆ. ಈಗ ದುಡ್ಡು ಸೀದಾ ಬ್ಯಾಂಕಿಗೆ ಬೀಳುತ್ತೆ, ರಿವಾಲ್ವರ್ ಮಾತ್ರ ರಾತ್ರಿ ದಿಂಬಿನ ಕೆಳಗೆ ಇರೋದು ತಪ್ಪಿಲ್ಲ. ಹಗಲು ಬೀರುವಿನಲ್ಲಿ. ಬೀರುವಿನ ಬೀಗದಕೈ ಕ್ಯಾಲೆಂಡರ್ ಮೊಳೆಗೆ ನೇತಾಡ್ತಿರುತ್ತೆ. ಮನೆಯವರಿಗೂ ಗೊತ್ತು, ಕೊನೆಕೊಯ್ಲಿಗೆ ಬರೋ ಆಳುಗಳಿಗೂ ಗೊತ್ತು.

ಏಪ್ರಿಲ್‌ನಲ್ಲಿ ನಾದಿನಿ ಮಕ್ಕಳು ಬೆಂಗಳೂರಿಂದ ಬರ್ತಾರೆ. ದೊಡ್ಡವನಿಗೆ ಹತ್ತು ವರ್ಷ. ಹೋದ ಸಲ ಬಂದಾಗ ಅವನ ಮಾತೆಲ್ಲ ಅಜ್ಜನ ಗನ್ನಿನ ಬಗ್ಗೆಯೇ. ನಾನು ಏನಾದ್ರೂ ಹೇಳಿದ್ರೆ ಮಾವ, "ಕಳ್ಳ ಒಳಗೆ ಬಂದ್ಮೇಲೆ ನಾನು ಬೀಗದಕೈ ಹುಡುಕ್ತಾ ಕೂರ್ಲೇನು?" ಅಂತಾರೆ. ನಮ್ಮ ಮನೆಯವರು ಆ ಹೊತ್ತಿಗೆ ಸರಿಯಾಗಿ ತೋಟಕ್ಕೆ ಹೊರಟುಬಿಡ್ತಾರೆ.

ನನಗೆ ಬೇಕಾಗಿರೋದು ಜಗಳ ಅಲ್ಲ, ತೋರಿಸೋಕೆ ಒಂದು ಆಧಾರ. ಹೀಗೇ ಇಡಬೇಕು ಅಂತ ಕಾನೂನು ಇದೆಯಾ? ಬೀಗದಕೈ ನನ್ನ ಹತ್ರ ಇಟ್ಕೊಂಡ್ರೆ ಆಗುತ್ತಾ? ಮದುವೆ ಮುಂಜಿಗೆ ಅಂತ ಮನೆಗೆ ಬೀಗ ಹಾಕಿ ಹೋಗುವಾಗ ಏನು ಮಾಡೋದು? ಮಾವನಿಗೆ ಎಪ್ಪತ್ಮೂರು. ಈಚೆಗೆ ಕನ್ನಡಕ ಎಲ್ಲಿಟ್ಟೆ ಅನ್ನೋದೂ ಮರೀತಾರೆ.

ಚಾಲಿ ಗೌಡ (ಹೊಸನಗರ)

ಅಕ್ಕಾ, ಸುಮ್ನೆ ತಲೆ ಕೆಡಿಸ್ಕೋಬೇಡಿ. ಲೈಸೆನ್ಸ್ ಇದೆ ತಾನೆ? ಮನೆ ಒಳಗೆ ಎಲ್ಲಿಟ್ರೂ ಯಾರೂ ಕೇಳಲ್ಲ. ನಮ್ಮ ಕಡೆ ಕೋವಿ ಜಗಲಿ ಗೋಡೆ ಮೇಲಿಲ್ಲ ಅಂದ್ರೆ ಅದು ಮನೆಯೇ ಅಲ್ಲ. ಮಕ್ಕಳಿಗೆ ಒಂದು ಸಲ ಗದರಿಸಿದ್ರೆ ಮುಟ್ಟಲ್ಲ.

ಹಳೇ ಆರ್ಮರಿ (ಶಿವಮೊಗ್ಗ)

ಗೌಡ್ರೆ, ಯಾರೂ ಕೇಳಲ್ಲ ಅನ್ನೋದು ಏನೂ ಆಗದೇ ಇರೋತನಕ ಮಾತ್ರ. ನಾನು ಪೊಲೀಸ್ ಇಲಾಖೇಲಿ ಸರ್ವೀಸಿನ ಬಹುಪಾಲು ಆಯುಧ ಎಣಿಸೋದು, ಎಣ್ಣೆ ಹಾಕೋದು, ರಿಜಿಸ್ಟರ್ ಬರೆಯೋದರಲ್ಲೇ ಕಳೆದವನು. ಗದರಿಸಿದ ಮಕ್ಕಳೇ ಮೊದಲು ಮುಟ್ಟೋದು.

ತಂಗೀ, ಮೊದಲು ಕಾನೂನು. ಇಂಥ ಕಂಪನಿ ಪೆಟ್ಟಿಗೆ, ಇಷ್ಟು ದಪ್ಪದ ತಗಡು ಅಂತ 1959ರ ಆಯುಧ ಕಾಯ್ದೆಯಲ್ಲಿ ಹುಡುಕಿದ್ರೆ ಸಿಗಲ್ಲ. ಜನ ಅಷ್ಟಕ್ಕೇ ಕಾನೂನೇ ಇಲ್ಲ ಅಂದ್ಕೊಳ್ತಾರೆ. 2016ರ ಆಯುಧ ನಿಯಮಗಳು ಬಂದ ಮೇಲೆ ಲೈಸೆನ್ಸ್ ಅರ್ಜಿ ಜೊತೆಗೇ ಆಯುಧವನ್ನ ಸುರಕ್ಷಿತವಾಗಿ ಇಟ್ಕೊಳ್ತೀನಿ ಅಂತ ಮುಚ್ಚಳಿಕೆ ಕೊಡ್ಬೇಕು. ಅದಲ್ಲದೆ ಲೈಸೆನ್ಸ್ ಪುಸ್ತಕದಲ್ಲಿ ಷರತ್ತುಗಳು ಅಚ್ಚಾಗಿವೆ, ಅವನ್ನ ಓದಿದ ಲೈಸೆನ್ಸುದಾರನನ್ನ ನಾನು ಬಹಳ ಅಪರೂಪಕ್ಕೆ ನೋಡಿದೀನಿ. ಷರತ್ತು ಮುರಿದ್ರೆ 30ನೇ ಕಲಂ: ಆರು ತಿಂಗಳವರೆಗೆ ಜೈಲು, ಇಲ್ಲ ಎರಡು ಸಾವಿರದವರೆಗೆ ದಂಡ, ಇಲ್ಲ ಎರಡೂ. ದಂಡ ನೋಡಿ ನಗಬೇಡಿ. 17ನೇ ಕಲಂ ಕೆಳಗೆ ಲೈಸೆನ್ಸನ್ನೇ ಅಮಾನತು ಮಾಡಬಹುದು, ರದ್ದೂ ಮಾಡಬಹುದು. ನಿಮ್ಮ ಮಾವನಿಗೆ ಜೈಲಿಗಿಂತ ಇದೇ ದೊಡ್ಡ ಪೆಟ್ಟು, ಹಾಗಾಗಿ ಇದನ್ನೇ ಹೇಳಿ.

ಇನ್ನು ಇಡೋ ವಿಷಯ. ಇದರಲ್ಲಿ ನನ್ನದು ಸ್ವಲ್ಪ ಉದ್ದ ಆಗುತ್ತೆ, ಸಹಿಸ್ಕೊಳ್ಳಿ.

ರಿವಾಲ್ವರ್ ಒಂದು ಕಡೆ, ಗುಂಡು ಇನ್ನೊಂದು ಕಡೆ, ಎರಡಕ್ಕೂ ಬೇರೆ ಬೇರೆ ಬೀಗ. ಬಟ್ಟೆ ಬೀರು ಬೇಡ. ಅದನ್ನ ದಿನಕ್ಕೆ ನೂರು ಸಲ ತೆಗೀತೀರಿ, ಅದರ ಬೀಗ ಸ್ಕ್ರೂಡ್ರೈವರ್‌ಗೂ ಬಗ್ಗುತ್ತೆ. ಸಣ್ಣ ಉಕ್ಕಿನ ಪೆಟ್ಟಿಗೆ ತಗೊಳ್ಳಿ. ಆದ್ರೆ ಪೆಟ್ಟಿಗೆ ಸಣ್ಣದು ಅಂದ್ರೆ ಕಳ್ಳ ಪೆಟ್ಟಿಗೆ ಸಮೇತ ಎತ್ಕೊಂಡು ಹೋಗ್ತಾನೆ, ಅದಕ್ಕೆ ಒಳಗಡೆಯಿಂದ ಬೋಲ್ಟ್ ಹಾಕಿ ಬಿಗಿಯೋದು. ಇಲ್ಲೇ ನಮ್ಮ ಮಲೆನಾಡಿನ ಮನೆಗಳು ಕೈಕೊಡೋದು. ಹಳೇ ಮಣ್ಣಿನ ಗೋಡೆಗೆ ಬೋಲ್ಟ್ ಹೊಡೆದ್ರೆ ಒಂದು ಮಳೆಗಾಲಕ್ಕೆ ಸಡಿಲ ಆಗಿ ಕೈಗೇ ಬರುತ್ತೆ. ನಿಮ್ಮದು ಕಂಬದ ಮನೆಯಾಗಿದ್ರೆ ಕೋಣೆ ಒಳಗಿನ ಮರದ ಕಂಬಕ್ಕೆ, ಇಲ್ಲಾಂದ್ರೆ ಕಾಂಕ್ರೀಟ್ ನೆಲಕ್ಕೆ ಕೂರಿಸಿ. ನಂಬರ್ ಒತ್ತೋ ಬೀಗ ಆದ್ರೆ ಮಳೆಗಾಲ ಶುರುವಾಗೋಕೆ ಮೊದಲು ಬ್ಯಾಟರಿ ಬದಲಾಯಿಸಿ. ನಂಬರು ಮೊಮ್ಮಗ ಹುಟ್ಟಿದ ತಾರೀಕು ಆಗಿರಬಾರದು, ಅಜ್ಜಂದಿರು ಇಡೋದು ಅದನ್ನೇ.

ಚರ್ಮದ ಹೋಲ್ಸ್ಟರ್‌ನಲ್ಲಿ ಹಾಕಿ ಪೆಟ್ಟಿಗೆ ಒಳಗೆ ಇಡಬೇಡಿ. ಚರ್ಮ ನೀರು ಕುಡಿಯುತ್ತೆ, ಆ ನೀರು ಕಬ್ಬಿಣಕ್ಕೆ ದಾಟುತ್ತೆ. ಬೆಲ್ಟಿನ ಕುಣಿಕೆಯಲ್ಲೇ ಬಿಟ್ಟ ಗುಂಡಿಗೆ ಹಸಿರು ಕಿಲುಬು ಹತ್ತುತ್ತೆ. ಅಂಥ ಗುಂಡು ಸಮಯಕ್ಕೆ ಸಿಡಿಯಲ್ಲ, ಚೇಂಬರಿನಲ್ಲಿ ಸಿಕ್ಕಿಹಾಕ್ಕೊಳ್ಳೋದೂ ಉಂಟು. ಆಗುಂಬೆ ಕಡೆಯ ಗಾಳಿ ಬೀಸೋ ಊರಲ್ಲಿ ತೆಳ್ಳಗೆ ಎಣ್ಣೆ ಸವರಿ, ಹತ್ತಿ ಬಟ್ಟೇಲಿ ಸುತ್ತಿ, ಪೆಟ್ಟಿಗೆ ಒಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಆಷಾಢ ಶ್ರಾವಣದಲ್ಲಿ ಆಗಾಗ ತೆಗೆದು ನೋಡಿ. ತೆಗೆಯೋದು ಮಾವನೇ, ನೀವಲ್ಲ.

ಜಗಲಿ ಕೋವಿ ಗೋಡೆ ಮೇಲೇ ಇರ್ಬೇಕು ಅಂತ ಹಠ ಇದ್ರೆ ಕುದುರೆಯ (ಟ್ರಿಗರ್) ಸುತ್ತ ಇರೋ ಬಳೆಯೊಳಗೆ ಸರಪಳಿ ಹಾಯಿಸಿ ಬೀಗ ಹಾಕಿ, ತೋಟೆಗಳು ಆ ಕೋಣೆಯಲ್ಲೇ ಇರಬಾರದು. ಆದ್ರೂ ನನ್ನ ಮಾತು ಕೇಳೋದಾದ್ರೆ ಜಗಲಿಯಿಂದ ಇಳಿಸಿ. ಬಂದವರಿಗೆಲ್ಲ ಈ ಮನೇಲಿ ಕೋವಿ ಇದೆ ಅಂತ ಬೋರ್ಡು ಹಾಕಿದ ಹಾಗೆ ಅದು.

ಕಳ್ಳನ ಪ್ರಶ್ನೆಗೆ ಬರ್ತೀನಿ. ಅಡಿಕೆ ಸೀಮೆ ಕಳ್ಳ ಮನೆಯವರು ಇರೋ ಹೊತ್ತಲ್ಲ, ಇಲ್ಲದ ಹೊತ್ತು ನೋಡ್ಕೊಂಡು ಬರೋನು. ಬೀರುವಿನಲ್ಲಿ ಬಿಟ್ಟ ರಿವಾಲ್ವರ್ ಅವನ ಪಾಲಿಗೆ ಅಡಿಕೆ ಚೀಲಕ್ಕಿಂತ ಬೆಲೆಬಾಳೋ ವಸ್ತು. ಮಾವ ತೀರಾ ಒಪ್ಪದೇ ಹೋದ್ರೆ ಮಂಚದ ಪಕ್ಕದ ಕಂಬಕ್ಕೇ ನಂಬರ್ ಒತ್ತಿದ್ರೆ ತೆರೆಯೋ ಪೆಟ್ಟಿಗೆ ಬಿಗೀರಿ. ದಿಂಬಿನ ಕೆಳಗಂತೂ ಬೇಡವೇ ಬೇಡ. ನಿದ್ದೆಗಣ್ಣಲ್ಲಿ ಕೈ ಎಲ್ಲಿ ಹೋಗುತ್ತೆ ಅಂತ ಎಪ್ಪತ್ಮೂರರಲ್ಲಿ ಅಲ್ಲ, ಮೂವತ್ತರಲ್ಲೂ ಹೇಳೋಕಾಗಲ್ಲ.

ಮನೆ ಬಿಟ್ಟು ಹೋಗೋದಾದ್ರೆ ಲೈಸೆನ್ಸ್ ಇರೋ ಆಯುಧ ವ್ಯಾಪಾರಿ ಹತ್ರ ಠೇವಣಿ ಇಡಿ, ಬಾಡಿಗೆ ತಗೊಂಡು ರಸೀದಿ ಕೊಡ್ತಾರೆ. ಕಳುವಾದ್ರೆ ತಡ ಮಾಡದೆ ಹತ್ತಿರದ ಠಾಣೆಗೆ ದೂರು. ನಾವೇ ಹುಡುಕಿ ನೋಡೋಣ ಅಂತ ವಾರ ಕಳೆದು ಬಂದವರನ್ನ ಮೊದಲು ಕೇಳೋ ಪ್ರಶ್ನೆಯೇ, ಈ ವಾರ ಏನು ಮಾಡ್ತಿದ್ರಿ ಅನ್ನೋದು.

ಕರಿಕೋಟು (ಶಿವಮೊಗ್ಗ ಬಾರ್)

ಹಿರಿಯರು ಹೇಳಿದ್ದು ಸರಿ. ಬೀಗದಕೈ ವಿಷಯ ಮಾತ್ರ ನನ್ನದು.

ಮೇಡಂ, ಬೀಗದಕೈ ನಿಮ್ಮ ಹತ್ರ ಇರೋದು ಬೇಡ. ಆಯುಧ ಕೈಯಲ್ಲಿ ಹಿಡಿದಿದ್ರೆ ಮಾತ್ರ ಸ್ವಾಧೀನ ಅಂತಲ್ಲ. ಗುಣವಂತಲಾಲ್ ಪ್ರಕರಣದಲ್ಲಿ 1972ರಲ್ಲೇ ಸುಪ್ರೀಂ ಕೋರ್ಟ್ ಇದನ್ನ ಹೇಳಿದೆ: ಆಯುಧ ಮೈಮೇಲೆ ಇಲ್ಲದಿದ್ರೂ, ಅದರ ಅರಿವಿದ್ದು ಅದರ ಮೇಲೆ ಹತೋಟಿ ಇದ್ರೆ ಅದೂ ಸ್ವಾಧೀನವೇ. ಲೈಸೆನ್ಸ್ ಇಲ್ಲದವರ ಸ್ವಾಧೀನಕ್ಕೆ 2019ರ ತಿದ್ದುಪಡಿ ಆದ ಮೇಲೆ ಕನಿಷ್ಠ ಎರಡು ವರ್ಷ, ಗರಿಷ್ಠ ಐದು ವರ್ಷ. ಮಾವನ ಪೆಟ್ಟಿಗೆ ಎಲ್ಲಿದೆ ಅಂತ ಸೊಸೆಗೆ ಗೊತ್ತಿದ್ದ ಮಾತ್ರಕ್ಕೆ ಯಾರೂ ಕೇಸು ಹಾಕಲ್ಲ, ಹೆದರಬೇಡಿ. ಆದ್ರೆ ಅದನ್ನ ತೆರೆಯೋ ಅಧಿಕಾರ ಲೈಸೆನ್ಸುದಾರರಿಗೆ ಮಾತ್ರ ಇರೋ ಹಾಗೆ ನೋಡ್ಕೊಂಡ್ರೆ ಈ ಪ್ರಶ್ನೆಯೇ ಏಳಲ್ಲ. ಮೊಳೆಗೆ ನೇತಾಡೋ ಬೀಗದಕೈ ಅಂದ್ರೆ ಕೊನೆಗಾರನಿಂದ ಹಿಡಿದು ಎಲ್ಲರಿಗೂ ಹತೋಟಿ ಕೊಟ್ಟ ಹಾಗೆ.

ಮಗುವಿನ ಕೈಗೆ ಸಿಕ್ಕಿ ಯಾರದ್ದಾದ್ರೂ ಪ್ರಾಣ ಹೋದ್ರೆ ಆಯುಧ ಕಾಯ್ದೆಯ ಎರಡು ಸಾವಿರ ದಂಡದಲ್ಲಿ ಮುಗಿಯಲ್ಲ. ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ, ನಿರ್ಲಕ್ಷ್ಯದಿಂದ ಸಾವು, ಐದು ವರ್ಷದವರೆಗೆ.

ನಿಮ್ಮ ಯಜಮಾನರಿಗೆ ಆಸಕ್ತಿ ಇದ್ರೆ ಇನ್ನೊಂದು ದಾರಿ ಇದೆ. 2016ರ ನಿಯಮಗಳ 25ನೇ ನಿಯಮದ ಪ್ರಕಾರ ಲೈಸೆನ್ಸುದಾರರಿಗೆ ಎಪ್ಪತ್ತು ತುಂಬಿದ್ರೆ, ಅಥವಾ ಆಯುಧ ಇಟ್ಕೊಂಡು ಇಪ್ಪತ್ತೈದು ವರ್ಷ ಆಗಿದ್ರೆ, ವಾರಸುದಾರರ ಹೆಸರಿಗೆ ಲೈಸೆನ್ಸ್ ಕೇಳಬಹುದು. ಎ-1 ನಮೂನೆ ಅರ್ಜಿ, ಪೊಲೀಸ್ ವರದಿ ಎಲ್ಲಾ ಹೊಸದಾಗಿಯೇ ಆಗ್ಬೇಕು. ಕೈಗೆ ಲೈಸೆನ್ಸ್ ಬರೋತನಕ ಅದು ಅವರದ್ದಲ್ಲ. ಈಗ ಒಬ್ಬರ ಹೆಸರಲ್ಲಿ ಎರಡೇ ಇರೋಕೆ ಸಾಧ್ಯ, ಮೊದಲು ಮೂರಿತ್ತು. ನಾಳೆ ನಿಮ್ಮ ತವರಿಂದ ಇನ್ನೊಂದು ಕೋವಿ ಬರೋ ಹಾಗಿದ್ರೆ ಈಗಲೇ ಯೋಚನೆ ಮಾಡಿ.

ನಮ್ಮ ಕಡೆ ಯಜಮಾನರು ತೀರಿಕೊಂಡ ಮೇಲೆ ವೈಕುಂಠ ಮುಗೀಲಿ, ಕೊಯ್ಲು ಮುಗೀಲಿ ಅಂತ ಕೋವಿಯನ್ನ ಅಟ್ಟದ ಮೇಲೆ ಇಟ್ಟು ವರ್ಷಗಟ್ಟಲೆ ಮರೆಯೋದು ಮಾಮೂಲು. ಆಯುಧ ಕಾಯ್ದೆಯ 21ನೇ ಕಲಂ ಪ್ರಕಾರ ಅದನ್ನ ಅನಗತ್ಯ ತಡ ಮಾಡದೆ ಠಾಣೆಯಲ್ಲೋ ವ್ಯಾಪಾರಿ ಹತ್ರವೋ ಠೇವಣಿ ಇಡ್ಲೇಬೇಕು. ಕೊಡಗಿನಲ್ಲಿ ಲೈಸೆನ್ಸೇ ಬೇಡವಂತೆ ಅನ್ನೋ ಮಾತು ಇಲ್ಲಿ ತರಬೇಡಿ. ಆ ವಿನಾಯಿತಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ, ತೀರ್ಥಹಳ್ಳಿಗೆ ಅಲ್ಲ.

ತುಂಗೆ ದಡದವಳು

ತುಂಬಾ ಉಪಕಾರ ಆಯ್ತು ಸರ್. ನಿನ್ನೆ ರಾತ್ರಿ ಊಟ ಆದ ಮೇಲೆ ಮಾವನಿಗೆ ಎಲ್ಲಾ ಓದಿ ಹೇಳಿದೆ. ಜೈಲಿನ ಮಾತಿಗೆ ಅಲುಗಾಡ್ಲಿಲ್ಲ. ಲೈಸೆನ್ಸ್ ರದ್ದು ಅಂದ ಕೂಡಲೆ ಎಲೆಅಡಿಕೆ ತಟ್ಟೆ ಪಕ್ಕಕ್ಕಿಟ್ಟು, "ಎಲ್ಲಿ, ಇನ್ನೊಂದ್ಸಲ ಓದು" ಅಂದ್ರು. ಮಂಚದ ಪಕ್ಕದ ಪೆಟ್ಟಿಗೆಗೆ ಒಪ್ಪಿಗೆ ಆಗಿದೆ. ಕೋವಿ ಜಗಲಿಯಿಂದ ಇಳಿಸೋಕೆ ಮಾತ್ರ ಇನ್ನೂ ಇಲ್ಲ, ಸರಪಳಿವರೆಗೆ ಬಂದಿದಾರೆ.

ಪೆಟ್ಟಿಗೆ ಬಂದು ಕೂರೋತನಕ ರಿವಾಲ್ವರನ್ನ ಶಿವಮೊಗ್ಗದ ವ್ಯಾಪಾರಿ ಹತ್ರ ಇಡೋಣ ಅಂತ. ಆದ್ರೆ ಮಾವನಿಗೆ ಮಂಡಿನೋವು, ಅಷ್ಟು ದೂರ ಕೂತು ಬರೋಕಾಗಲ್ಲ. ನಮ್ಮ ಮನೆಯವರು ತಗೊಂಡು ಹೋಗಬಹುದಾ?

ಕರಿಕೋಟು (ಶಿವಮೊಗ್ಗ ಬಾರ್)

ಜಾಗ್ರತೆ. ಲೈಸೆನ್ಸುದಾರರು ಜೊತೆಗಿದ್ದಾಗ, ಇಲ್ಲ ಅವರ ಲಿಖಿತ ಅಧಿಕಾರ ಪತ್ರ ಇದ್ದಾಗ, ಬೇರೆಯವರು ಆಯುಧ ಒಯ್ಯಬಹುದು ಅಂತ 3ನೇ ಕಲಂ ಹೇಳುತ್ತೆ. ಆದ್ರೆ ರಿಪೇರಿಗೆ, ಲೈಸೆನ್ಸ್ ನವೀಕರಣಕ್ಕೆ, ಅಥವಾ ಲೈಸೆನ್ಸುದಾರರ ಬಳಕೆಗೆ ಅಂತಷ್ಟೇ ಅಲ್ಲಿರೋದು. ಠೇವಣಿ ಅನ್ನೋ ಪದ ಅದರಲ್ಲಿಲ್ಲ. ಅದಕ್ಕೆ ಮಾವನನ್ನೇ ಕಾರಲ್ಲಿ ಕೂರಿಸ್ಕೊಂಡು ತೀರ್ಥಹಳ್ಳಿ ಠಾಣೆವರೆಗಾದ್ರೂ ಹೋಗಿ ವಿಚಾರಿಸಿ. ಶಿವಮೊಗ್ಗಕ್ಕಿಂತ ಹತ್ತಿರ.

ಹಳೇ ಆರ್ಮರಿ (ಶಿವಮೊಗ್ಗ)

ಒಯ್ಯುವಾಗ ಗುಂಡು ತೆಗೆದು ಬೇರೆ ಕಟ್ಟಿ, ರಿವಾಲ್ವರ್ ಮುಚ್ಚಿದ ಕೇಸಿನಲ್ಲಿ, ಲೈಸೆನ್ಸ್ ಪುಸ್ತಕ ಮೂಲಪ್ರತಿಯೇ ಇರಲಿ. ದಾರಿಯಲ್ಲಿ ಜಾತ್ರೆ, ಮೆರವಣಿಗೆ, ಶಾಲೆ ಆವರಣ ಎಲ್ಲೂ ಇಳೀಬೇಡಿ, ಅದಕ್ಕೂ ಷರತ್ತಿದೆ. ಎಳ್ಳಮಾವಾಸ್ಯೆ ಜಾತ್ರೆಗೆ ಸೊಂಟದಲ್ಲಿ ಸಿಕ್ಕಿಸ್ಕೊಂಡು ಬರೋ ಗತ್ತಿನವರನ್ನ ಕಂಡು ಕಂಡು ಸಾಕಾಗಿದೆ.

ಚಾಲಿ ಗೌಡ (ಹೊಸನಗರ)

ಆಯ್ತು ಮಾರಾಯ್ರೆ, ಇವತ್ತು ನಮ್ಮ ಮನೆ ಗೋಡೆ ಕೋವಿಗೂ ಸರಪಳಿ ತಂದೆ. ಒಂದು ಕೇಳ್ತೀನಿ. ಪ್ರತಿ ಎಲೆಕ್ಷನ್‌ಗೂ ಕೋವಿ ಠೇವಣಿ ಇಡಿ ಅಂತಾರಲ್ಲ, ಹೋದ ಸಲ ವಾಪಸ್ ತಂದಾಗ ನಳಿಗೆ ತುಂಬ ತುಕ್ಕು. ತೋಟಕ್ಕೆ ಹಂದಿ ನುಗ್ಗೋ ಸಮಯಕ್ಕೇ ಕೋವಿ ಇಲ್ಲ. ನಾವು ಮನೇಲಿ ಇಷ್ಟೆಲ್ಲ ಜೋಪಾನ ಮಾಡಿ ಏನು ಬಂತು?

ಹಳೇ ಆರ್ಮರಿ (ಶಿವಮೊಗ್ಗ)

ಗೌಡ್ರೆ, ಬೆಳೆ ರಕ್ಷಣೆಗೆ ಬೇಕು ಅಂತ ವಿನಾಯಿತಿ ಕೇಳೋದಾದ್ರೆ ಪಹಣಿ, ಲೈಸೆನ್ಸ್ ಪ್ರತಿ ಸೇರಿಸಿ ಮೊದಲೇ ಅರ್ಜಿ ಕೊಡಿ. ಪರಿಶೀಲನಾ ಸಮಿತಿ ನೋಡುತ್ತೆ. ಕೊನೇ ದಿನ ಠಾಣೆ ಬಾಗಿಲಲ್ಲಿ ನಿಂತು ವಾದ ಮಾಡಿದ್ರೆ ಆಗಲ್ಲ. ಹಂದಿಗೆ ಈಡು ಹೊಡೆಯೋದು ಅರಣ್ಯ ಇಲಾಖೆಗೆ ಸೇರಿದ ಬೇರೆ ವಿಷಯ, ಕೋವಿ ಲೈಸೆನ್ಸೇ ಅದಕ್ಕೆ ಅನುಮತಿ ಅಲ್ಲ.

ಠೇವಣಿ ಇಡಲೇಬೇಕಾದ್ರೆ ಕೊಡೋ ಹಿಂದಿನ ದಿನ ನಳಿಗೆ ಒಳಗೆ ಎಣ್ಣೆ ಬಟ್ಟೆ ಎಳೆದು, ಹೊರಗೂ ದಪ್ಪಗೆ ಸವರಿ ಕೊಡಿ. ರಸೀದೀಲಿ ಕೋವಿ ನಂಬರ್ ಬರೆಸಿ, ಹೇಗಿದೆ ಅಂತಾನೂ ಒಂದು ಸಾಲು ಬರೆಸಿ. ವಾಪಸ್ ತಗೊಳ್ಳುವಾಗ ನಂಬರ್ ಓದಿ ನೋಡೋದು, ನಳಿಗೆ ಬೆಳಕಿಗೆ ಹಿಡಿದು ನೋಡೋದು ಎರಡೂ ಅಲ್ಲೇ ಆಗ್ಲಿ, ರಿಜಿಸ್ಟರಿಗೆ ಸಹಿ ಹಾಕೋಕೆ ಮೊದಲು.